ಮದರ್‌ಬೋರ್ಡನ್ನು ಹಿಂಬದಿಯಿಂದ ನೋಡಿ

ಮೇಜಿನ ಮೇಲೆ ನೀವು ನೋಡುತ್ತಿರುವ ಎರಡು ಪೆಟ್ಟಿಗೆಗಳಲ್ಲಿ ಚಿಕ್ಕದು ಪ್ರೊಸೆಸರ್, ದೊಡ್ಡದು ಮದರ್‌ಬೋರ್ಡ್. ಎರಡರ ಸೀಲನ್ನೂ ಇನ್ನೂ ಒಡೆದಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಳೆಯ ಯಂತ್ರದ್ದೇ ಬರುತ್ತದೆ. ಎನ್ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯದು, ಇನ್ನೂ ಕೆಲವು ವರ್ಷ ದುಡಿಯುವ ತ್ರಾಣ ಅದಕ್ಕಿದೆ. ಈ ಯಂತ್ರದಿಂದ ನನಗೆ ಬೇಕಿರುವುದು ಎರಡು ಕೆಲಸ: ಆಟ ಆಡುವುದು, ಆಡುತ್ತಿರುವುದನ್ನು ಅದೇ ಹೊತ್ತಿಗೆ ನೇರಪ್ರಸಾರ ಮಾಡುವುದು. ಪೆಟ್ಟಿಗೆ ಬಿಚ್ಚುವ ಮುನ್ನ ಇವೆರಡನ್ನೇ ಏಕೆ ಆರಿಸಿದೆ ಎಂದು ಹೇಳಿಬಿಡುತ್ತೇನೆ. ಬಿಚ್ಚುವುದನ್ನಷ್ಟೇ ನೋಡಲು ಬಂದವರು ವಿಡಿಯೊ ಮುಂದಕ್ಕೆ ಓಡಿಸಿ, ನನಗೇನೂ ಬೇಸರವಿಲ್ಲ.

ನೇರಪ್ರಸಾರ ಮಾಡುವವರು ಕೋರ್‌ಗಳು (ಪ್ರೊಸೆಸರ್‌ನೊಳಗೆ ಪ್ರತ್ಯೇಕವಾಗಿ ದುಡಿಯುವ ಘಟಕಗಳು) ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯ ಪ್ರೊಸೆಸರ್ ಕೊಳ್ಳಬೇಕು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ಪರದೆಯ ಮೇಲೆ ಓಡುವ ಚಿತ್ರವನ್ನು ಸೆಕೆಂಡಿಗೆ ಕೆಲವೇ ಮೆಗಾಬಿಟ್‌ಗಳಿಗೆ ಕುಗ್ಗಿಸಿ ಕಳುಹಿಸುವ ಎನ್‌ಕೋಡಿಂಗ್ ಕೆಲಸವನ್ನು ಆಗ ಎಕ್ಸ್264 ಎಂಬ ತಂತ್ರಾಂಶ ಮಾಡುತ್ತಿತ್ತು, ಅದೂ ಪ್ರೊಸೆಸರ್‌ನ ಹೆಗಲ ಮೇಲೆ ಕುಳಿತು. ಅದರಲ್ಲಿ ವೆರಿಫಾಸ್ಟ್, ಫಾಸ್ಟ್, ಮೀಡಿಯಂ, ಸ್ಲೋ ಎಂಬ ಮೆಟ್ಟಿಲುಗಳಿವೆ. ನಿಧಾನವಾದಷ್ಟೂ ಚಿತ್ರ ಚೊಕ್ಕ, ಕೋರ್‌ಗಳಿಗೆ ಭಾರ. ಆಟವೂ ಅವೇ ಕೋರ್‌ಗಳಿಗಾಗಿ ಕಿತ್ತಾಡುತ್ತಿದ್ದುದರಿಂದ ಪ್ರಸಾರಕ್ಕೆಂದೇ ಇನ್ನೊಂದು ಕಂಪ್ಯೂಟರ್ ಇಟ್ಟುಕೊಂಡವರೂ ಇದ್ದರು.

2018ರಲ್ಲಿ ಎನ್ವಿಡಿಯಾದ ಟ್ಯೂರಿಂಗ್ ಪೀಳಿಗೆಯ ಕಾರ್ಡ್‌ಗಳು ಬಂದಾಗ ಈ ಲೆಕ್ಕ ಬದಲಾಯಿತು. ಎನ್‌ವೆಂಕ್ (NVENC) ಎಂಬ ಎನ್‌ಕೋಡರ್ ಗ್ರಾಫಿಕ್ಸ್ ಚಿಪ್‌ನೊಳಗೆ ಮೊದಲೂ ಇತ್ತು, ಆದರೆ ಅದರ ಚಿತ್ರ ಎಕ್ಸ್264ರ ಮುಂದೆ ಸಪ್ಪೆಯಾಗಿ ಕಾಣುತ್ತಿತ್ತು. ಟ್ಯೂರಿಂಗ್‌ನಲ್ಲಿ ಅದು ಫಾಸ್ಟ್ ಮೆಟ್ಟಿಲಿನ ಸಮೀಪಕ್ಕೆ ಬಂದಿತು. ಆಟವನ್ನು ಚಿತ್ರಿಸುವ ಭಾಗದಿಂದ ಅದು ಬೇರೆಯೇ ಆದ ಸರ್ಕ್ಯೂಟ್, ಹಾಗಾಗಿ ಆಟದ ವೇಗಕ್ಕೆ ಬೀಳುವ ಪೆಟ್ಟು ತೀರಾ ಕಡಿಮೆ. ಆರ್‌ಟಿಎಕ್ಸ್ 40 ಸರಣಿ, ಎಎಂಡಿಯ ಆರ್‌ಎಕ್ಸ್ 7000 ಸರಣಿ, ಇಂಟೆಲ್‌ನ ಆರ್ಕ್ ಕಾರ್ಡ್‌ಗಳು ಎವಿ1 ಎಂಬ ಹೊಸ ಮಾದರಿಯಲ್ಲೂ ಎನ್‌ಕೋಡ್ ಮಾಡುತ್ತವೆ; ಯೂಟ್ಯೂಬ್ ಅದನ್ನು ಸ್ವೀಕರಿಸುತ್ತದೆ. ಒಟ್ಟಿನಲ್ಲಿ ಎನ್‌ಕೋಡಿಂಗ್ ಯಾರ ಪಾಲಿಗೆ ಎಂಬುದು ಮೊದಲು ತೀರ್ಮಾನವಾಗಬೇಕು, ಪ್ರೊಸೆಸರ್‌ನ ಆಯ್ಕೆ ಆಮೇಲೆ. ನನ್ನ ಕಾರ್ಡ್ ಆ ಕೆಲಸ ಮಾಡುತ್ತದೆ ಎಂದಾದ ಕೂಡಲೇ ಹದಿನಾರು ಕೋರ್‌ಗಳ ಆಸೆ ಬಿಟ್ಟೆ.

ಕಾರ್ಡ್ ತೀರಾ ಹಳೆಯದಾಗಿರುವವರಿಗೆ ಇನ್ನೊಂದು ದಾರಿಯಿದೆ. 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಿಂದ ಇಂಟೆಲ್ ತನ್ನ ಪ್ರೊಸೆಸರ್‌ಗಳಲ್ಲಿ ಕ್ವಿಕ್ ಸಿಂಕ್ ಎಂಬ ಎನ್‌ಕೋಡರ್ ಕೊಡುತ್ತಾ ಬಂದಿದೆ. ಆದರೆ ಅದು ಇರುವುದು ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ. ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಪ್ರೊಸೆಸರ್‌ನಲ್ಲಿ ಆ ಭಾಗವನ್ನೇ ನಿಷ್ಕ್ರಿಯಗೊಳಿಸಿರುತ್ತಾರೆ. ಸ್ವಲ್ಪ ಅಗ್ಗ ಎಂದು ಎಫ್ ತಂದುಕೊಂಡರೆ ಕ್ವಿಕ್ ಸಿಂಕ್ ಇಲ್ಲ. ಅಷ್ಟೇ ಅಲ್ಲ, ಗ್ರಾಫಿಕ್ಸ್ ಕಾರ್ಡ್ ಕೆಟ್ಟ ದಿನ ಪರದೆಯಲ್ಲಿ ಏನೂ ಮೂಡುವುದಿಲ್ಲ.

ಪ್ರಸಾರ ತಡವರಿಸುತ್ತಿದೆ ಎಂದು ಪ್ರೊಸೆಸರ್ ಬದಲಿಸಲು ಹೊರಟವರು ಒಂದು ನಿಮಿಷ ಇಲ್ಲಿ ನೋಡಿ. ಇದು ನೇರಪ್ರಸಾರದ ತಂತ್ರಾಂಶವಾದ ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿ. ತಪ್ಪಿಹೋದ ಫ್ರೇಮ್‌ಗಳನ್ನು, ಅಂದರೆ ವಿಡಿಯೊದ ಬಿಡಿ ಚಿತ್ರಗಳನ್ನು, ಇದು ಮೂರು ಬೇರೆ ಸಾಲುಗಳಲ್ಲಿ ತೋರಿಸುತ್ತದೆ. ರೆಂಡರಿಂಗ್ ತಡವಾಗಿ ತಪ್ಪಿದವು ಮೊದಲನೆಯ ಸಾಲು: ಆಟವೇ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ನುಂಗಿದೆ, ಒಬಿಎಸ್‌ಗೆ ದೃಶ್ಯ ಜೋಡಿಸಲು ಏನೂ ಉಳಿದಿಲ್ಲ. ಆಟದ ಫ್ರೇಮ್ ದರಕ್ಕೆ ಮಿತಿ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಎನ್‌ಕೋಡಿಂಗ್ ತಡವಾಗಿ ತಪ್ಪಿದವು ಎರಡನೆಯ ಸಾಲು. ಎಕ್ಸ್264 ಬಳಸುತ್ತಿದ್ದು ಇಲ್ಲಿ ಅಂಕಿ ಏರುತ್ತಿದ್ದರೆ ಮಾತ್ರ ಪ್ರೊಸೆಸರ್ ಮೇಲೆ ಗುಮಾನಿ ಪಡಬಹುದು. ಮೂರನೆಯದು ಇಂಟರ್ನೆಟ್ ಸಂಪರ್ಕದ ಪಾಪ. ಅದಕ್ಕೆ ಎಷ್ಟು ದುಬಾರಿ ಪ್ರೊಸೆಸರ್ ತಂದರೂ ಪರಿಹಾರವಿಲ್ಲ.

ಈಗ ಆಟದ ವಿಚಾರ. ಎಎಂಡಿ 2022ರ ಏಪ್ರಿಲ್‌ನಲ್ಲಿ 5800ಎಕ್ಸ್3ಡಿ ಎಂಬ ಪ್ರೊಸೆಸರ್ ತಂದಿತು. ಅದರಲ್ಲಿ ಮಾಮೂಲಿ 32 ಎಂಬಿ ಎಲ್3 ಕ್ಯಾಶ್‌ನ (ಪ್ರೊಸೆಸರ್‌ನೊಳಗಿನ ಅತಿವೇಗದ ಸ್ಮರಣೆ) ಮೇಲೆ ಇನ್ನೊಂದು 64 ಎಂಬಿಯ ಪದರವನ್ನು ಅಂಟಿಸಿದ್ದರು. ಆಟವೊಂದು ಪ್ರತಿ ಫ್ರೇಮ್‌ಗೂ ಮತ್ತೆ ಮತ್ತೆ ಕೇಳುವ ದತ್ತಾಂಶ ಅಲ್ಲೇ ಸಿಕ್ಕಿಬಿಟ್ಟರೆ ಪ್ರೊಸೆಸರ್ ರ‍್ಯಾಮ್‌ವರೆಗೆ ಹೋಗಿ ಕಾಯುವ ಹೊತ್ತು ಉಳಿಯುತ್ತದೆ. ಇದರ ಲಾಭ ಸರಾಸರಿ ಫ್ರೇಮ್ ದರಕ್ಕಿಂತ ಹೆಚ್ಚಾಗಿ ಕಾಣುವುದು ಆಗಾಗ ಆಗುವ ಕುಸಿತಗಳಲ್ಲಿ. ಜನಜಂಗುಳಿಯ ದೃಶ್ಯದಲ್ಲಿ ಆಟ ಮುಗ್ಗರಿಸುತ್ತದಲ್ಲ, ಅದು ಕಡಿಮೆಯಾಗುತ್ತದೆ. 2023ರಲ್ಲಿ 7800ಎಕ್ಸ್3ಡಿ ಬಂದಿತು. 2024ರ ನವೆಂಬರ್‌ನ 9800ಎಕ್ಸ್3ಡಿಯಲ್ಲಿ ಹೆಚ್ಚುವರಿ ಪದರವನ್ನು ಕೋರ್‌ಗಳ ಕೆಳಗೆ ಸರಿಸಿದರು. ಕೋರ್‌ಗಳ ಬಿಸಿ ನೇರವಾಗಿ ಕೂಲರ್‌ಗೆ ತಲುಪುವಂತಾಯಿತು. ಹದಿನಾರು ಕೋರ್‌ಗಳ 7950ಎಕ್ಸ್3ಡಿಯಲ್ಲಿ ಈ ಪದರ ಎರಡು ಚಿಪ್‌ಗಳ ಪೈಕಿ ಒಂದರ ಮೇಲಷ್ಟೇ ಇದೆ. ಆಟ ಸರಿಯಾದ ಚಿಪ್‌ನಲ್ಲೇ ಓಡುವಂತೆ ವಿಂಡೋಸ್ ಮತ್ತು ಡ್ರೈವರ್ ನೋಡಿಕೊಳ್ಳಬೇಕು. ಆ ಉಸಾಬರಿ ನನಗೆ ಬೇಡವಾಗಿತ್ತು. ಚಿಕ್ಕ ಪೆಟ್ಟಿಗೆಯಲ್ಲಿರುವುದು ಎಂಟು ಕೋರ್‌ಗಳ 7800ಎಕ್ಸ್3ಡಿ.

ಇದು ಎಲ್ಲರಿಗೂ ಬೇಕೆಂದೇನಿಲ್ಲ. 4ಕೆ ಪರದೆಯಲ್ಲಿ ಎಲ್ಲ ಸೆಟ್ಟಿಂಗ್‌ಗಳನ್ನೂ ಏರಿಸಿ ಆಡುವವರ ಯಂತ್ರದಲ್ಲಿ ಏದುಸಿರು ಬಿಡುವುದು ಗ್ರಾಫಿಕ್ಸ್ ಕಾರ್ಡ್. ಅಂಥವರಿಗೆ ಎಎಂಡಿಯ ಆರು ಕೋರ್‌ಗಳ ಸಾದಾ ರೈಜನ್ ಪ್ರೊಸೆಸರ್ ಸಾಕಾಗಬಹುದು. ನೀವೇ ಪರೀಕ್ಷಿಸಿ: ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ದರ ಜಿಗಿದರೆ ತಡೆ ಗ್ರಾಫಿಕ್ಸ್ ಕಾರ್ಡಿನದು, ಇದ್ದಲ್ಲೇ ಇದ್ದರೆ ಪ್ರೊಸೆಸರ್‌ನದು.

ಇಂಟೆಲ್ ಏಕಿಲ್ಲ ಎಂದು ಕೇಳುವವರಿಗೆ ಚಿಕ್ಕ ಉತ್ತರ. ಅದರ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರವಾದವು. 2024ರಲ್ಲಿ ಇಂಟೆಲ್ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಳಸಿದ್ದನ್ನು ಕೊಳ್ಳುವವರು ಇದನ್ನು ನೆನಪಿಡಿ, ಬಯಾಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ನವೀಕರಿಸದೆ ಅದರ ಮೇಲೆ ಆಟ ಓಡಿಸಬೇಡಿ. ನಂತರದ ಕೋರ್ ಅಲ್ಟ್ರಾ 200ಎಸ್ ಸರಣಿ ವಿದ್ಯುತ್ ಕಡಿಮೆ ಬಳಸುತ್ತದೆ, ವಿಡಿಯೊ ಸಂಪಾದನೆಗೆ ಒಳ್ಳೆಯದು. ಆಟದಲ್ಲಿ ಎಕ್ಸ್3ಡಿಗೆ ಸಾಟಿಯಲ್ಲ. ನನ್ನನ್ನು ಎಎಂಡಿ ಕಡೆಗೆ ಎಳೆದದ್ದು ಸಾಕೆಟ್ ಕೂಡ, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಹಿಂದಿನ ಎಎಂ4 ಸಾಕೆಟ್‌ನ 2017ರ ಕೆಲವು ಬೋರ್ಡ್‌ಗಳು ಬಯಾಸ್ ನವೀಕರಣದ ಬಲದಿಂದ 5800ಎಕ್ಸ್3ಡಿಯನ್ನೂ ಒಪ್ಪಿಕೊಂಡವು. ನನ್ನ ಪ್ರೊಸೆಸರ್ ಕೂರುವ, 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ ಕನಿಷ್ಠ 2027ರವರೆಗೆ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ.

ಇನ್ನು ದೊಡ್ಡ ಪೆಟ್ಟಿಗೆ. ಮದರ್‌ಬೋರ್ಡ್‌ನ ಜಾಹೀರಾತುಗಳು ವಿಆರ್‌ಎಂ ಹಂತಗಳನ್ನು ಎಣಿಸಿ ಹೆದರಿಸುತ್ತವೆ. ವಿಆರ್‌ಎಂ ಎಂದರೆ ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್‌ಗೆ ವಿದ್ಯುತ್ತನ್ನು ಇಳಿಸಿಕೊಡುವ ಭಾಗ. 7800ಎಕ್ಸ್3ಡಿಯ ಘೋಷಿತ ಟಿಡಿಪಿ, ಅಂದರೆ ಕೂಲರ್ ನಿಭಾಯಿಸಬೇಕಾದ ಬಿಸಿಯ ಅಳತೆ, 120 ವ್ಯಾಟ್, ಆಟದಲ್ಲಿ ಅಷ್ಟೂ ಬಳಸುವುದಿಲ್ಲ. ಬಿಸಿ ಹೊರಹಾಕುವ ಹೀಟ್‌ಸಿಂಕ್ ಇರುವ, ಮಧ್ಯಮ ದರ್ಜೆಯ ಒಂದು ಹದವಾದ ಬಿ650 ಬೋರ್ಡ್ ಇದಕ್ಕೆ ಧಾರಾಳವಾಯಿತು. ಮೇಲಿನ ದರ್ಜೆಯ ಎಕ್ಸ್870 ಬೋರ್ಡ್‌ಗಳಲ್ಲಿ ಅತಿವೇಗದ ಯುಎಸ್‌ಬಿ4 ಕಿಂಡಿ ಕಡ್ಡಾಯ. ಅದಕ್ಕೆ ಜೋಡಿಸುವ ಸಾಧನವೇ ನನ್ನಲ್ಲಿಲ್ಲ. ಎರಡೂವರೆ ಗಿಗಾಬಿಟ್ ಲ್ಯಾನ್ (ತಂತಿಯ ಇಂಟರ್ನೆಟ್ ಕಿಂಡಿ) ಎಂದು ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ನೇರಪ್ರಸಾರದ ತಾಣ ಟ್ವಿಚ್‌ಗೆ ಕಳುಹಿಸುವುದು ಸೆಕೆಂಡಿಗೆ 6 ಮೆಗಾಬಿಟ್‌ನ ಆಸುಪಾಸು. ನಗಬೇಕೋ ಅಳಬೇಕೋ ತಿಳಿಯದು.

ನಾನು ಬೋರ್ಡ್ ಆರಿಸಿದ್ದು ಹಿಂಬದಿಯ ಚಿತ್ರ ನೋಡಿ. ನೇರಪ್ರಸಾರ ಮಾಡುವವರ ಮೇಜಿನಿಂದ ಎಷ್ಟು ತಂತಿಗಳು ಹೊರಡುತ್ತವೆ ಎಂದು ಎಣಿಸಿ: ಕೀಬೋರ್ಡ್, ಮೌಸ್, ಮೈಕ್, ಕ್ಯಾಮೆರಾ, ಹೆಡ್‌ಸೆಟ್, ದೃಶ್ಯ ಬದಲಿಸುವ ಗುಂಡಿಗಳ ಫಲಕ, ರೆಕಾರ್ಡಿಂಗ್ ಇಡುವ ಹೊರಗಿನ ಎಸ್‌ಎಸ್‌ಡಿ. ನಾಲ್ಕೇ ಯುಎಸ್‌ಬಿ ಕಿಂಡಿಗಳಿರುವ ಅಗ್ಗದ ಬೋರ್ಡ್ ತಂದರೆ ಉಳಿದವು ಹಬ್‌ಗೆ ಹೋಗಬೇಕು. ಕ್ಯಾಮೆರಾವನ್ನೂ, ಬೇರೊಂದು ಯಂತ್ರದ ದೃಶ್ಯವನ್ನು ಕಂಪ್ಯೂಟರ್‌ಗೆ ತರುವ ಯುಎಸ್‌ಬಿ ಕ್ಯಾಪ್ಚರ್ ಸಾಧನವನ್ನೂ ಒಂದೇ ಹಬ್‌ಗೆ ಚುಚ್ಚಿದರೆ ಅವೆರಡೂ ಒಂದೇ ತಂತಿಯ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕಾಗುತ್ತದೆ, ಕ್ಯಾಮೆರಾದ ಚಿತ್ರ ಆಗಾಗ ಹೆಪ್ಪುಗಟ್ಟಿ ನಿಲ್ಲಬಹುದು. ಕೀಬೋರ್ಡ್, ಮೌಸ್, ಮೈಕ್‌ಗಳಿಗೆ ಹಳೆಯ ಯುಎಸ್‌ಬಿ 2.0 ಸಾಕು, ವೇಗದ ಕಿಂಡಿಗಳನ್ನು ಚಿತ್ರ ಹೊರುವವುಗಳಿಗೆ ಬಿಡಿ.

ಆಮೇಲೆ ಕೈಪಿಡಿ. ಬೋರ್ಡ್ ಕೊಳ್ಳುವ ಮೊದಲೇ ತಯಾರಕರ ತಾಣದಿಂದ ಅದನ್ನು ಇಳಿಸಿಕೊಳ್ಳಬಹುದು. ಎಎಂ5 ಪ್ರೊಸೆಸರ್‌ನಿಂದ 28 ಪಿಸಿಐಇ ಲೇನ್‌ಗಳು, ಅಂದರೆ ದತ್ತಾಂಶ ಓಡುವ ದಾರಿಗಳು, ಹೊರಡುತ್ತವೆ. ಹದಿನಾರು ಗ್ರಾಫಿಕ್ಸ್ ಕಾರ್ಡಿಗೆ, ನಾಲ್ಕು ಚಿಪ್‌ಸೆಟ್‌ಗೆ (ಬೋರ್ಡಿನ ಉಳಿದ ಕಿಂಡಿಗಳನ್ನು ನೋಡಿಕೊಳ್ಳುವ ಚಿಪ್), ಉಳಿದ ಎಂಟು ಎಸ್‌ಎಸ್‌ಡಿ ಮೊದಲಾದವಕ್ಕೆ. ಬೋರ್ಡ್ ತುಂಬಿಸುತ್ತಾ ಹೋದಂತೆ ಹಂಚಿಕೆ ಶುರುವಾಗುತ್ತದೆ. ಇಂತಿಂಥ ಎಂ.2 (ಎಸ್‌ಎಸ್‌ಡಿ ಕೂರಿಸುವ) ಜಾಗದಲ್ಲಿ ಡ್ರೈವ್ ಹಾಕಿದರೆ ಇಂತಿಂಥ ಸ್ಲಾಟ್ ಕೆಲಸ ಮಾಡದು ಎಂಬ ಸಾಲು ಕೈಪಿಡಿಯ ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ. ಪರದೆಯ ಮೇಲೆ ಹಳದಿ ಬಳಿದು ತೋರಿಸಿರುವುದು ಅದನ್ನೇ. ಇನ್ನು ಈ ಚಿತ್ರದಲ್ಲಿ ಗ್ರಾಫಿಕ್ಸ್ ಕಾರ್ಡಿನ ದಪ್ಪ ನೋಡಿ, ಮೂರು ಸ್ಲಾಟ್‌ಗಳ ಜಾಗ ಹಿಡಿಯುತ್ತದೆ. ಅದರ ಕೆಳಗೆ ಮುಚ್ಚಿಹೋದ ಸ್ಲಾಟ್ ಲೆಕ್ಕಕ್ಕಿಲ್ಲ. ನನ್ನ ಕ್ಯಾಪ್ಚರ್ ಕಾರ್ಡಿಗೆ ನಾಲ್ಕು ಲೇನ್‌ಗಳ ಸ್ಲಾಟ್ ಬೇಕು, ಅದು ತಳದಲ್ಲಿರಬೇಕು. ಈ ಒಂದೇ ಕಾರಣಕ್ಕೆ ಪುಟಾಣಿ ಬೋರ್ಡ್‌ಗಳನ್ನೆಲ್ಲ ಕೈಬಿಟ್ಟು 305 ಗುಣಿಸು 244 ಮಿಲಿಮೀಟರ್‌ನ ಎಟಿಎಕ್ಸ್ ತಂದೆ.

ಹಿಂಬದಿಯಲ್ಲಿ ಇನ್ನೊಂದು ಚಿಕ್ಕ ಗುಂಡಿಯಿದೆ, ಬಯಾಸ್ ಫ್ಲ್ಯಾಶ್‌ಬ್ಯಾಕ್. ಹಳೆಯ ದಾಸ್ತಾನಿನ ಬಿ650 ಬೋರ್ಡಿಗೆ ರೈಜನ್ 9000 ಸರಣಿಯ ಪ್ರೊಸೆಸರ್ ಕೂರಿಸಿದರೆ ಅದು ಗುರುತೇ ಹಿಡಿಯದಿರಬಹುದು. ಬಯಾಸ್ ಕಡತವನ್ನು ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ, ಕೈಪಿಡಿ ಹೇಳಿದ ಹೆಸರಿಟ್ಟು, ಗುರುತು ಮಾಡಿದ ಕಿಂಡಿಗೆ ಚುಚ್ಚಿ ಈ ಗುಂಡಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ನವೀಕರಣ ಆಗುತ್ತದೆ. ಮುಂದೆ ಪ್ರೊಸೆಸರ್ ಬದಲಿಸುವ ಯೋಚನೆ ಇರುವವರು ಈ ಗುಂಡಿ ಇಲ್ಲದ ಬೋರ್ಡ್ ಕೊಳ್ಳದಿರುವುದು ಲೇಸು.

ರ‍್ಯಾಮ್ ಎರಡೇ ಕಡ್ಡಿ ಹಾಕುತ್ತಿದ್ದೇನೆ, ಡಿಡಿಆರ್5-6000; ಕೊನೆಯ ಅಂಕಿ ಅದರ ವೇಗ. ನಾಲ್ಕೂ ಜಾಗ ತುಂಬಿಸಿದರೆ ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ. ಎರಡು ಕಡ್ಡಿಗಳಿಗೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಜಾಗ.

ಸರಿ, ಸೀಲ್ ಒಡೆಯೋಣ. ಎಎಂ5ರಲ್ಲಿ 1718 ಪಿನ್‌ಗಳಿರುವುದು ಸಾಕೆಟ್‌ನಲ್ಲಿ, ಅಲ್ಲಿಗೆ ಬೆರಳು ತಾಗಿಸಬೇಡಿ. ಪ್ರೊಸೆಸರ್‌ನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಮೆಲ್ಲನೆ ಬಿಟ್ಟರೆ ತಾನಾಗಿ ಕೂರುತ್ತದೆ. ಸನ್ನೆಕಡ್ಡಿ ಒತ್ತುವಾಗ ಕರಿಯ ಮುಚ್ಚಳ ಟಪ್ಪೆಂದು ಹಾರುತ್ತದೆ. ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳುಹಿಸುವಾಗ ಅದು ಬೇಕಾಗುತ್ತದೆ. ಮೊದಲ ಸಲ ಚಾಲೂ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ರ‍್ಯಾಮ್‌ಗೆ ಬೋರ್ಡ್ ಹೊಂದಿಕೊಳ್ಳುವ ಹೊತ್ತದು, ಗಾಬರಿಯಾಗಿ ವಿದ್ಯುತ್ ಕಿತ್ತುಬಿಡಬೇಡಿ. ಪರದೆ ಬೆಳಗಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ (ಕಡ್ಡಿಯ ಮೇಲೆ ಬರೆದ ವೇಗವನ್ನು ಜಾರಿಗೆ ತರುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ 6000ದ ರ‍್ಯಾಮ್ ತನ್ನ ಮಾಮೂಲಿ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಉಳಿಸಿ ಹೊರಬಂದಾಗ ಅದೇ ಕಪ್ಪು ಪರದೆ ಇನ್ನೊಮ್ಮೆ ಕಾಣಬಹುದು. ಆಗಲೂ ಕಾಯಿರಿ.