ಸೋಲದ ನಾಯಕನನ್ನು ಆಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಿಗೆ ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲ್ ಅಂದರೇನು, ಬ್ಯಾಟ್‌ಮ್ಯಾನ್ ಯಾರು ಅಂತ ನಾನು ಹೇಳಬೇಕಾಗಿಲ್ಲ. ಹಾಗಾಗಿ ಸೀದಾ ಜಗಳಕ್ಕೇ ಬರುತ್ತೇನೆ. ನನಗಿಂತ ಮೊದಲು ಮಾತಾಡಿದವರು, ಕನ್ಸೋಲ್‌ಗಳ ತಾಕತ್ತು ಹೆಚ್ಚಿದ ಹಾಗೆಲ್ಲ ಕಾಮಿಕ್ಸ್ ನಾಯಕರ ಗೇಮ್‌ಗಳೂ ಚೆನ್ನಾದವು ಅಂದರು. ಚಿತ್ರ ಚೆನ್ನಾಯಿತು, ಒಪ್ಪಿದೆ. ಆಟವೂ ಚೆನ್ನಾಯಿತಾ?

ನನ್ನ ವಾದ ಇಷ್ಟೇ. ನಾಯಕ ಏನೇನು ಮಾಡಬಲ್ಲ ಅನ್ನೋದನ್ನು ಎಲ್ಲರೂ ತೋರಿಸುತ್ತಾರೆ. ಅವನ ಕೈಲಿ ಏನು ಆಗುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡವರ ಗೇಮ್ ಮಾತ್ರ ನೆನಪಲ್ಲಿ ಉಳಿಯುತ್ತದೆ.

1979ರ ಸೂಪರ್‌ಮ್ಯಾನ್ ತಗೊಳ್ಳಿ. ಅಟಾರಿ 2600 ಕನ್ಸೋಲ್‌ಗೆ ಜಾನ್ ಡನ್ ಬರೆದದ್ದು. ಆ ಯಂತ್ರದ ನೆನಪಿನ ಜಾಗ, ಅಂದರೆ ರ‍್ಯಾಮ್ 128 ಬೈಟ್. ನಾನು ಈಗ ಆಡಿದ ಮೂರು ಮಾತನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಅದರಲ್ಲಿ ಹಿಡಿಸುವುದಿಲ್ಲ! ಅಷ್ಟರಲ್ಲೇ ಸೇತುವೆ ಸ್ಫೋಟವಾಗುತ್ತದೆ, ಕ್ಲಾರ್ಕ್ ಕೆಂಟ್ ಫೋನ್ ಬೂತಿಗೆ ಹೋಗಿ ಸೂಪರ್‌ಮ್ಯಾನ್ ಆಗುತ್ತಾನೆ, ಸೇತುವೆ ಜೋಡಿಸುತ್ತಾನೆ, ವಿಲನ್ ಲೆಕ್ಸ್ ಲೂಥರ್‌ನನ್ನೂ ಅವನ ಗ್ಯಾಂಗನ್ನೂ ಜೈಲಿಗೆ ಹಾಕುತ್ತಾನೆ. ಸೂಪರ್‌ಮ್ಯಾನ್‌ನ ಶಕ್ತಿ ಕಸಿಯುವ ಕ್ರಿಪ್ಟೊನೈಟ್ ಕಲ್ಲು ತಗುಲಿದರೆ ಹಾರೋದು ನಿಂತಿತು. ಅವನ ಪ್ರೇಯಸಿ ಲೋಯಿಸ್ ಲೇನ್ ಒಂದು ಮುತ್ತು ಕೊಟ್ಟರೆ ಮತ್ತೆ ಹಾರಾಟ. ಗಮನಿಸಿ, ಈ ಆಟದಲ್ಲಿ ಅವನು ಸಾಯುವುದೇ ಇಲ್ಲ. ಸಾಯಲೂಬಾರದು, ಸೂಪರ್‌ಮ್ಯಾನ್ ಅಲ್ವಾ! ಹಾಗಾದರೆ ಆಡುವವನಿಗೆ ಸೋಲೋ ಭಯ ಎಲ್ಲಿಂದ ಬರಬೇಕು? ಮೇಲೊಂದು ಗಡಿಯಾರ ಇಟ್ಟರು. ಅವನಿಗೆ ಏನೂ ಆಗುವುದಿಲ್ಲ, ಆದರೆ ಹೊತ್ತು ಹೋಗುತ್ತದೆ. ಎಷ್ಟು ಬೇಗ ಮುಗಿಸಿದಿರಿ ಅನ್ನೋದೇ ಸ್ಕೋರು.

ಈಗ ನನ್ನ ಅಚ್ಚುಮೆಚ್ಚಿನ ಕಥೆ. ಮೊದಲೇ ಕೇಳಿದವರು ಸ್ವಲ್ಪ ಸಹಿಸಿಕೊಳ್ಳಿ. 1993ರ ಎಕ್ಸ್-ಮೆನ್ ಗೇಮ್, ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ನದ್ದು. ಮೋಜೋ ಅನ್ನೋ ವಿಲನ್ ಇರುವ ಹಂತದ ಕೊನೆಯಲ್ಲಿ, ಕಂಪ್ಯೂಟರನ್ನು ರೀಸೆಟ್ ಮಾಡು ಅನ್ನುತ್ತದೆ ಆಟ. ಸರಿ, ಆಡುವ ಹುಡುಗ ಪರದೆಯ ಮೇಲೆ ಕಂಪ್ಯೂಟರ್ ಹುಡುಕುತ್ತಾನೆ. ಗೋಡೆಗೆ ಗುದ್ದುತ್ತಾನೆ, ಹಾರುತ್ತಾನೆ, ಸಿಕ್ಕಿದ್ದಕ್ಕೆಲ್ಲ ಪಂಜ ಹಾಕುತ್ತಾನೆ. ಏನೂ ಆಗುವುದಿಲ್ಲ. ಉತ್ತರ ಪರದೆಯಲ್ಲಿ ಇಲ್ಲವೇ ಇಲ್ಲ! ಎದ್ದು ಹೋಗಿ, ಮುಂದಿರುವ ನಿಜವಾದ ಕನ್ಸೋಲ್‌ನ ರೀಸೆಟ್ ಬಟನ್ ಒತ್ತಬೇಕು. ಅದೂ ಮೆಲ್ಲಗೆ. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಆಟ ನಿಜಕ್ಕೂ ರೀಸೆಟ್ ಆಗಿ, ಪಟ್ಟ ಪಾಡೆಲ್ಲ ನೀರುಪಾಲು. ಮುಂದೆ ಸೆಗಾದವರೇ ನೋಮ್ಯಾಡ್ ಅಂತ ಕೈಯಲ್ಲಿ ಹಿಡಿದು ಆಡುವ ಯಂತ್ರ ತಂದರು. ಇದೇ ಗೇಮ್ ಇರುವ ಡಬ್ಬಿ, ಅಂದರೆ ಕಾರ್ಟ್ರಿಜ್, ಅದರಲ್ಲೂ ಕೂರುತ್ತದೆ. ಆದರೆ ಅದಕ್ಕೆ ರೀಸೆಟ್ ಬಟನ್ನೇ ಇಲ್ಲ. ಅಲ್ಲಿಗೆ ಮುಗಿಯಿತು ಕಥೆ.

ಇದಕ್ಕೂ ನನ್ನ ವಾದಕ್ಕೂ ಏನು ಸಂಬಂಧ ಅನ್ನುತ್ತೀರಾ? ಇದೆ. ಎಕ್ಸ್-ಮೆನ್‌ನಲ್ಲೊಬ್ಬನಾದ ವುಲ್ವರಿನ್‌ಗೆ ಎಂಥ ಪಂಜ ಇದ್ದರೂ ಆ ಬಟನ್ ಒತ್ತೋದು ಅವನ ಕೈಲಿ ಆಗುವುದಿಲ್ಲ. ಆಡುವವನೇ ಏಳಬೇಕು.

ಮುಂದೆ ಎರಡು ಮಂಜಿನ ಕಥೆ. ಆಗಿನ ತ್ರೀಡಿ ಯಂತ್ರಗಳಿಗೆ ಇಡೀ ನಗರವನ್ನು ದೂರದವರೆಗೂ ಬಿಡಿಸುವ ಶಕ್ತಿ ಇರಲಿಲ್ಲ. ಆ ಕೊರತೆ ಮುಚ್ಚಲು ಮಂಜು. 1999ರ ಸೂಪರ್‌ಮ್ಯಾನ್ 64ರಲ್ಲಿ ನಗರಕ್ಕೆ ಹಸಿರು ಮಂಜು ಕವಿಸಿ, ಲೂಥರ್ ಹರಡಿದ ಕ್ರಿಪ್ಟೊನೈಟ್ ಅಂದರು. ಮರುವರ್ಷ ಪ್ಲೇಸ್ಟೇಷನ್‌ಗೆ ನೆವರ್‌ಸಾಫ್ಟ್‌ನವರ ಸ್ಪೈಡರ್-ಮ್ಯಾನ್ ಬಂತು. ಅಲ್ಲೂ ಬೀದಿ ತುಂಬಾ ಮಂಜು, ಅದಕ್ಕೂ ವಿಲನ್‌ನದೇ ನೆಪ. ಆದರೆ ಸ್ಪೈಡರ್-ಮ್ಯಾನ್ ಅದರೊಳಗೆ ಬಿದ್ದರೆ ಸತ್ತ. ಹಾಗಾಗಿ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವಾಗ ಎದೆ ಡವಡವ. ಸೂಪರ್‌ಮ್ಯಾನ್? ಅದೇ ಮಂಜಿನಲ್ಲಿ ಸುಮ್ನೆ ರಿಂಗ್‌ಗಳ ಒಳಗೆ ತೂರಿಕೊಂಡು ಹೋಗಬೇಕು. ಅಲ್ಲೂ ಗಡಿಯಾರ ಇದೆ, ಆದರೆ ಯಾರನ್ನು ಕಾಪಾಡಲು ಈ ಅವಸರ ಅಂತ ಅನ್ನಿಸುವುದೇ ಇಲ್ಲ. ಇದನ್ನು ಚೆನ್ನಾಗಿದೆ ಅಂದವರನ್ನು ನಾನಿನ್ನೂ ನೋಡಿಲ್ಲ. ಇಲ್ಲಿ ಯಾರಾದರೂ ಇದ್ದರೆ ಆಮೇಲೆ ಸಿಗಿ.

2006ರ ಸೂಪರ್‌ಮ್ಯಾನ್ ರಿಟರ್ನ್ಸ್ ಗೇಮ್‌ನಲ್ಲಿ ಒಂದು ಒಳ್ಳೆಯ ಉಪಾಯ ಮಾಡಿದರು. ಏಟು ಬಿದ್ದ ಹಾಗೆ ಕರಗುವ ಪಟ್ಟಿ, ಅಂದರೆ ಹೆಲ್ತ್ ಬಾರ್, ಅವನದ್ದಲ್ಲ, ಮೆಟ್ರೊಪೊಲಿಸ್ ನಗರದ್ದು. ಅವನಿಗೆ ಏಟು ಬಿದ್ದರೆ ಚಿಂತೆಯಿಲ್ಲ, ಊರು ಹಾಳಾದರೆ ಸೋತೆ. ಯೋಚನೆ ಅಪ್ಪಟ ಬಂಗಾರ. ಆಡಲು ಕೂತರೆ ಮಾಡಿದ್ದನ್ನೇ ಮಾಡಬೇಕು, ಬೇಜಾರು.

ಚೀಟಿ ಬಂತು, ಇನ್ನು ಐದೇ ನಿಮಿಷವಂತೆ. ಹಲ್ಕ್, ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್, ಈ ಎರಡು ಗೇಮ್‌ಗಳನ್ನೂ ಬಿಟ್ಟೆ.

2004ರ ಸ್ಪೈಡರ್-ಮ್ಯಾನ್ 2 ಮಾತ್ರ ಬಿಡುವುದಿಲ್ಲ. ಹಿಂದಿನ ಗೇಮ್‌ಗಳಲ್ಲಿ ಬಲೆ ಆಕಾಶಕ್ಕೇ ಅಂಟುತ್ತಿತ್ತು. ಇಲ್ಲಿ ಅದು ಅಂಟಲು ಕಟ್ಟಡವೋ ಮತ್ತೊಂದೋ ಇರಲೇಬೇಕು. ಇಲ್ಲದಿದ್ದರೆ ನಡೆದುಕೊಂಡು ಹೋಗು! ಅದೊಂದು ಕಟ್ಟುಪಾಡಿನಿಂದ ತೂಗಾಟಕ್ಕೆ ಜೀವ ಬಂತು. 2009ರ ಬ್ಯಾಟ್‌ಮ್ಯಾನ್ ಗೇಮ್ ಆರ್ಕಮ್ ಅಸೈಲಮ್ ಕೂಡ ಹಾಗೇ. ಬರಿಗೈಯಲ್ಲಿ ಬಂದ ಹತ್ತು ಜನರನ್ನು ಬ್ಯಾಟ್‌ಮ್ಯಾನ್ ಮಲಗಿಸುತ್ತಾನೆ. ಆದರೆ ಬಂದೂಕು ಹಿಡಿದವರು ನಾಲ್ಕು ಜನ ಬಂದರೆ ಮೇಲಿನ ಕಲ್ಲಿನ ಮೂರ್ತಿ ಏರಿ ಕತ್ತಲಲ್ಲಿ ಕೂರಬೇಕು. ಗುಂಡು ತಡೆಯೋದು ಅವನ ಕೈಲಿ ಆಗುವುದಿಲ್ಲ. ನೋಡಿ, ಮತ್ತೆ ಅದೇ.

ಇನ್ನು 2012ರ ವಾಕಿಂಗ್ ಡೆಡ್, ಅದೂ ಕಾಮಿಕ್ಸ್‌ನಿಂದ ಬಂದ ಗೇಮ್. ಅದರ ನಾಯಕ ಲೀ ಎವರೆಟ್‌ಗೆ ಯಾವ ಶಕ್ತಿಯೂ ಇಲ್ಲ. ಯಾರಾದರೂ ಏನಾದರೂ ಕೇಳಿದರೆ ಉತ್ತರಿಸಲು ಕೆಲವೇ ಸೆಕೆಂಡು. ಬಾಯಿ ಬಿಡದಿದ್ದರೆ ಅದನ್ನೂ ಉತ್ತರ ಅಂತಲೇ ಎಣಿಸುತ್ತಾರೆ. ಇದರ ಬಗ್ಗೆ ಆರು ಸ್ಲೈಡ್ ಮಾಡಿಕೊಂಡು ಬಂದಿದ್ದೆ. ಮೈಕ್ ಈಗಾಗಲೇ ಆ ಕಡೆ ಹೊರಟಿದೆ, ಪ್ರಶ್ನೆ ಇದ್ದವರು ಕೈ ಎತ್ತಿ.