ಮೆಟ್ರೋ ಸ್ಟೇಷನ್ನಿಗೂ ಸ್ಕೂಟರ್ ಯಾಕೆ?

ನಮಸ್ಕಾರ. ಹಿಂದಿನ ಸಂಚಿಕೆಗೆ ಬಂದ ಒಂದು ಕಾಮೆಂಟ್ ಓದ್ತೀನಿ, ಕೇಳಿ. “ಮನೆಯಿಂದ ಮೆಟ್ರೋ ಸ್ಟೇಷನ್ ಒಂದೂವರೆ ಕಿಲೋಮೀಟರ್ ಸರ್. ಸ್ಕೂಟರಲ್ಲಿ ಹೋಗಿ ಪಾರ್ಕ್ ಮಾಡ್ತೀನಿ. ನಡೀಲೇಬೇಕು ಅಂದ್ರೆ ಜಿಮ್ಮಲ್ಲಿ ಟ್ರೆಡ್‌ಮಿಲ್ ಇದೆಯಲ್ಲ.” ಇದಕ್ಕೆ ಲೈಕ್ ಮೇಲೆ ಲೈಕ್!

ಅಲ್ಲ ಸ್ವಾಮಿ, ಒಂದೂವರೆ ಕಿಲೋಮೀಟರ್ ಅಂದ್ರೆ ಎಷ್ಟು ಹೊತ್ತಿನ ದಾರಿ? ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ 18 ನಿಮಿಷ. ಹೋಗಿ ಬರೋಕೆ 36. ವಾರಕ್ಕೆ ಐದು ದಿನ ಆಫೀಸ್ ಅಂದ್ರೆ 180 ನಿಮಿಷ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ, ಸಾಧಾರಣ ಶ್ರಮದ ವ್ಯಾಯಾಮ. ನಿಮ್ಮ ವಾರದ ಲೆಕ್ಕ ಆ ದಾರೀಲೇ ಮುಗಿದುಹೋಗ್ತಿತ್ತು. ಅದನ್ನ ಬಿಟ್ಟು ಪಾರ್ಕಿಂಗಿಗೆ ದುಡ್ಡು ಕೊಟ್ಟು, ಜಿಮ್ಮಿಗೂ ದುಡ್ಡು ಕಟ್ತಿದ್ದೀರಿ. ಜಿಮ್ಮಿಗೆ ಹೋಗೋಕೂ ಅದೇ ಸ್ಕೂಟರ್ ತೆಗೆಯೋರಿದ್ದಾರೆ!

ನಾನು ಹೇಳೋದು ಒಂದೇ ಮಾತು. ಜಿಮ್ಮಿಗೆ ಚಕ್ಕರ್ ಹಾಕ್ತೀರಿ, ಆಫೀಸಿಗೆ ಹಾಕಲ್ಲ. ಅದಕ್ಕೇ ನಡಿಗೆ ಆಫೀಸಿನ ದಾರಿಯೊಳಗೇ ಇರಬೇಕು.

ಹೊಸ ಮಾತೇನಲ್ಲ ಇದು. 1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ವೈದ್ಯರು, ಅವರ ಜೊತೆಯವರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವರನ್ನ ಹೋಲಿಸಿ ನೋಡಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಡ್ರೈವರ್ ದಿನವೆಲ್ಲ ಸೀಟಲ್ಲಿ. ಕಂಡಕ್ಟರ್ ಟಿಕೆಟ್ ಕೊಡೋಕೆ ಮೇಲೆ ಕೆಳಗೆ ಓಡಾಡ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತೋರು. ಬಸ್ ಒಂದೇ, ರಸ್ತೆ ಒಂದೇ, ಗಾಳೀನೂ ಒಂದೇ. ಆದ್ರೆ ಹೃದಯದ ಕಾಯಿಲೆ ಕಂಡಕ್ಟರ್‌ಗಳಲ್ಲಿ ಕಡಿಮೆ. ಅವರ್ಯಾರೂ ಜಿಮ್ಮಿಗೆ ಹೋಗಿ ಗಳಿಸಿದ್ದಲ್ಲ ಅದು.

ಈಗ ಒಬ್ಬರು ಬಂದು, “ಡ್ರೈವರ್‌ಗಳ ಸೊಂಟದ ಸುತ್ತಳತೆ ಮೊದಲೇ ಜಾಸ್ತಿ ಇತ್ತಂತಲ್ಲ, ಕಾಯಿಲೆಗೆ ಅದೇ ಕಾರಣ ಇರಬಹುದಲ್ಲ” ಅಂತಾರೆ. ಇತ್ತು. ಯೂನಿಫಾರ್ಮ್ ಅಳತೆ ತೆಗೆದು ಅದನ್ನ ಕಂಡುಹಿಡಿದೋರೂ ಮಾರಿಸ್ ತಂಡದವರೇ, 1956ರಲ್ಲಿ. ಅಷ್ಟಕ್ಕೇ ಕಥೆ ಮುಗೀತಾ? 2017ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ್ರು. ಕೆಲಸಕ್ಕೆ ಸೈಕಲ್ಲಲ್ಲಿ ಹೋಗೋರಲ್ಲಿ ಸಾವಿನ ಅಪಾಯ ಶೇ. 41 ಕಡಿಮೆ ಕಂಡಿತು. ನಡೆದು ಹೋಗೋರಲ್ಲಿ ಹೃದಯ, ರಕ್ತನಾಳದ ಕಾಯಿಲೆ ಕಡಿಮೆ ಇತ್ತು. ವಯಸ್ಸು, ಸಿಗರೇಟು, ಊಟ ಎಲ್ಲಾ ಲೆಕ್ಕಕ್ಕೆ ತಗೊಂಡ ಮೇಲೂ ಇಷ್ಟು. ಆಯ್ತಾ?

ಈ ವಿವರ ಉಪಯೋಗ ಅನ್ಸಿದ್ರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡ್ಕೊಳ್ಳಿ, ಸ್ಕೂಟರ್ ಬಿಡದ ಗೆಳೆಯರಿಗೆ ಮರೀದೆ ಕಳಿಸಿ.

ಮುಂದಿನ ತಕರಾರು ಹೊಗೆ. “ಬೆಂಗಳೂರಿನ ಗಾಳೀಲಿ ನಡೆದ್ರೆ ಶ್ವಾಸಕೋಶ ಹಾಳು!” ಸರಿ, ಸ್ಕೂಟರಲ್ಲಿ ಕೂತು ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಡೀಸೆಲ್ ಲಾರಿ ಹಿಂದೆ ನಿಲ್ತೀರಲ್ಲ, ಆಗ ಎಳೆಯೋದು ಯಾವ ಗಾಳಿ? ಹೆಲ್ಮೆಟ್ಟಿನ ಗಾಜು ಹೊಗೆ ಸೋಸುತ್ತಾ? 2016ರಲ್ಲಿ ಕೇಂಬ್ರಿಜ್ ಸಂಶೋಧಕರು ಲೆಕ್ಕ ಹಾಕಿದ್ರು. ಪಿಎಂ 2.5 ಅನ್ನೋ ಸಣ್ಣ ಕಣ ಘನಮೀಟರಿಗೆ 100 ಮೈಕ್ರೋಗ್ರಾಂ ಇರೋ ಊರಲ್ಲೂ, ನಡಿಗೆಯ ಲಾಭವನ್ನ ಹೊಗೆಯ ನಷ್ಟ ಮೀರೋಕೆ ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ನಡೀಬೇಕು. ಬೆಂಗಳೂರಿನ ವಾರ್ಷಿಕ ಸರಾಸರಿ ಆ 100ರ ಹತ್ತಿರಕ್ಕೂ ಹೋಗಲ್ಲ. ನಿಮ್ಮದು 18 ನಿಮಿಷದ ದಾರಿ! ಅದಕ್ಕೂ ಮುಖ್ಯರಸ್ತೆ ಹಿಡೀಬೇಡಿ, ನೂರಿನ್ನೂರು ಮೀಟರ್ ಒಳಗಿನ ಕ್ರಾಸ್‌ಗಳಲ್ಲಿ ಹೋಗಿ. ವಾಹನದ ಹೊಗೆ ಅಲ್ಲಿ ಎಷ್ಟೋ ಕಡಿಮೆ. ಆಸ್ತಮಾ ಇರೋರು ವೈದ್ಯರನ್ನ ಕೇಳಿ ಶುರು ಮಾಡಿ. ಮಾಸ್ಕ್ ಬೇಕಂದ್ರೆ ಮುಖಕ್ಕೆ ಬಿಗಿಯಾಗಿ ಕೂರೋ ಎನ್‌95 ಹಾಕಿ. ಕರ್ಚೀಫು ಧೂಳು ತಡೆಯುತ್ತೆ, ಪಿಎಂ 2.5 ತಡೆಯಲ್ಲ.

ನಡೆಯೋದು ಹೇಗೆ? 15 ಸೆಕೆಂಡಿಗೆ 25 ಹೆಜ್ಜೆ ಬೀಳಬೇಕು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅದಕ್ಕಿಂತ ನಿಧಾನ ಆದ್ರೆ ಮೊಬೈಲ್ ನೋಡ್ಕೊಂಡು ಹೋಗ್ತಿದ್ದೀರಿ ಅಂತ ಅರ್ಥ, ಜೇಬಿಗೆ ಹಾಕಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿ ಹಿಡೀರಿ, ಎದುರು ಬರೋ ಗಾಡಿ ಕಣ್ಣಿಗೆ ಬೀಳ್ಬೇಕು. ಬ್ಯಾಗ್ ಎರಡೂ ಹೆಗಲಿಗೆ, ಪಟ್ಟಿ ಬಿಗಿ, ಲ್ಯಾಪ್‌ಟಾಪ್ ಬೆನ್ನಿಗೆ ಅಂಟಿದ ಖಾನೆಯಲ್ಲಿ. ಒಂದೇ ಹೆಗಲಿಗೆ ನೇತುಹಾಕಿದ್ರೆ ಆ ಭುಜ ಮೇಲೆತ್ತಿಕೊಂಡೇ ನಡೀತೀರಿ, ಸಂಜೆಗೆ ಕುತ್ತಿಗೆ ಹಿಡಿಯುತ್ತೆ. ಆಮೇಲೆ ಬೈಸಿಕೊಳ್ಳೋದು ನಡಿಗೆ! ಇನ್ನೊಂದು ಚಾರ್ಜರ್, ಫಾರ್ಮಲ್ ಶೂ ಎರಡೂ ಆಫೀಸಲ್ಲೇ ಇರಲಿ. ದಾರಿಗೆ ಮೆತ್ತನೆ ಅಟ್ಟೆಯ ಶೂ, ಬೆರಳ ತುದಿಯಲ್ಲಿ ಹೆಬ್ಬೆರಳಗಲ ಜಾಗ ಬಿಟ್ಟು.

ಬೆವರು? ಕೊನೆಯ ಮೂರು ನಿಮಿಷ ವೇಗ ಇಳಿಸಿ. ರಭಸದಲ್ಲಿ ಬಂದು ಗಕ್ಕನೆ ಕೂತ್ರೆ ಮೈಯೊಳಗಿನ ಕಾವು ಹೊರಗೆ ಹೋಗೋವರೆಗೂ ಬೆವರು ಸುರೀತಾನೇ ಇರುತ್ತೆ. ಬ್ಯಾಗಲ್ಲಿ ಒಂದು ಬನಿಯನ್, ಒಂದು ಟವಲ್ ಇಟ್ಕೊಳ್ಳಿ.

ಮಂಡಿ ನೋವಿರೋರು ಮೆಟ್ರೋ ಮೆಟ್ಟಿಲು ಹತ್ತಿ, ಇಳಿಯೋಕೆ ಲಿಫ್ಟ್ ತಗೊಳ್ಳಿ. ಮಂಡಿಯ ಮೇಲೆ ಭಾರ ಜಾಸ್ತಿ ಬೀಳೋದು ಇಳಿಯೋವಾಗ. ನಡೆಯುವಾಗ ಎದೆ ಹಿಡಿದ ಹಾಗಾದ್ರೆ ನಿಲ್ಲಿಸಿ, ಅವತ್ತೇ ವೈದ್ಯರ ಹತ್ರ ಹೋಗಿ. ಇವರನ್ನ ಬಿಟ್ಟು ಉಳಿದೋರಿಗೆ ಏನು ನೆಪ? ಮಳೆ? ಕೊಡೆ ಇದೆ. ಬಿಸಿಲು? ಬೆಳಿಗ್ಗೆ ಎಂಟಕ್ಕೆ ಎಲ್ಲಿ ಬಿಸಿಲು! ಟೈಮಿಲ್ಲ? ಸ್ಕೂಟರ್ ತೆಗೆದು, ಸಿಗ್ನಲ್ ಕಾದು, ಪಾರ್ಕಿಂಗಲ್ಲಿ ಜಾಗ ಹುಡುಕಿ, ಟೋಕನ್ ತಗೊಂಡು ಹೋಗೋಕೆ ಟೈಮಿದೆಯಲ್ಲ!

ಜಿಮ್ಮಿಗೆ ಹೋಗ್ಬೇಡಿ ಅಂದಿಲ್ಲ. ಹೋಗಿ, ಭಾರ ಎತ್ತಿ, ಸ್ನಾಯುಗಳಿಗೆ ಅದು ಬೇಕು. ಆದ್ರೆ ನಡಿಗೆಯನ್ನ ಜಿಮ್ಮಿಗೆ ಬಿಡಬೇಡಿ. ಮದುವೆ ಸೀಸನ್ ಬಂದ್ರೆ ಜಿಮ್ ತಪ್ಪುತ್ತೆ, ಪ್ರಾಜೆಕ್ಟ್ ಡೆಡ್‌ಲೈನ್ ಬಂದ್ರೆ ತಪ್ಪುತ್ತೆ. ಆಫೀಸ್ ತಪ್ಪಲ್ಲ ರೀ, ತಪ್ಪಲ್ಲ!

ಮುಂದಿನ ವಾರ ಸೈಕಲ್ ಬಗ್ಗೆ ಮಾತಾಡೋಣ. ಸೀಟಿನ ಎತ್ತರ ಎಷ್ಟಿರಬೇಕು, ಮಂಡಿ ನೋವು ಯಾಕೆ ಬರುತ್ತೆ, ಎಲ್ಲಾ ಹೇಳ್ತೀನಿ. ಬೆಲ್ ಒತ್ತಿ ಇಟ್ಕೊಳ್ಳಿ. ಮನೆಯಿಂದ ಸ್ಟೇಷನ್ನಿಗೋ ಬಸ್ ಸ್ಟಾಪಿಗೋ ಎಷ್ಟು ದೂರ, ಎಷ್ಟು ನಿಮಿಷ ಆಯ್ತು, ನಡೆದು ನೋಡಿ ಕಾಮೆಂಟಲ್ಲಿ ಬರೀರಿ. ಗೂಗಲ್ ಮ್ಯಾಪ್ ನೋಡಿ ಬರೆದ್ರೆ ಒಪ್ಪಲ್ಲ.