ನಡುಹಗಲಿನ ಶೋಧನೆ

ಪ್ರಿಯ ಕೇಳುಗರೇ, ಶೋಧನೆ, ಅಂದರೆ ನಮ್ಮನ್ನು ದೇವರಿಂದ ದೂರ ಸೆಳೆಯುವ ಪ್ರಲೋಭನೆ, ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸು ಹಣ, ಕುಡಿತ, ಕಾಮಗಳ ಕಡೆಗೆ ಹೋಗುತ್ತದೆ. ಆದರೆ ಪ್ರಾರ್ಥನೆ ಬೇಸರವಾಗುವುದು, ದೇವರು ನನ್ನನ್ನು ಮರೆತೇಬಿಟ್ಟಿದ್ದಾನೆ ಎನಿಸುವುದು, ಇನ್ನು ಏನು ಮಾಡಿ ಏನು ಫಲವೆಂದು ಕೈಚೆಲ್ಲಿ ಕೂರುವುದು ಕೂಡ ಶೋಧನೆಯೇ ಎಂಬುದನ್ನು ಸುಮಾರು 1,600 ವರ್ಷಗಳ ಹಿಂದೆ ಈಜಿಪ್ಟಿನ ಮರುಭೂಮಿಯ ಕ್ರೈಸ್ತ ಸನ್ಯಾಸಿಗಳು ತಮ್ಮ ಅನುಭವದಿಂದಲೇ ಅರಿತಿದ್ದರು.

ಅವರಲ್ಲೊಬ್ಬರು ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಕ್ರೈಸ್ತ ಸಭೆಯ ಸೇವೆಯಲ್ಲಿದ್ದಾಗ ವಿವಾಹಿತೆಯೊಬ್ಬಳ ಮೋಹದಲ್ಲಿ ಸಿಲುಕಿ, ಊರನ್ನೇ ಬಿಟ್ಟು ಓಡಿ, ಕೊನೆಗೆ ಮರುಭೂಮಿಯನ್ನು ಸೇರಿ 399ರಲ್ಲಿ ಅಲ್ಲಿಯೇ ಪ್ರಾಣಬಿಟ್ಟರು. ಮೋಹದಿಂದ ಓಡಿ ಪಾರಾದ ಅದೇ ಇವಾಗ್ರಿಯಸರು, ನಿರಾಶೆ ಬಂದಾಗ ಮಾತ್ರ ಕುಳಿತ ಗುಡಿಸಲನ್ನು ಬಿಟ್ಟು ಏಳಬಾರದೆಂದು ಬರೆದರು. ಇದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಆ ನಿರಾಶೆಗೆ ಅವರು ಹೊತ್ತನ್ನೂ ಗುರುತಿಸಿದ್ದರು. ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಶುರುವಾಗಿ ಮಧ್ಯಾಹ್ನ ಎರಡರವರೆಗೆ ಅದು ಸನ್ಯಾಸಿಯನ್ನು ಮುತ್ತುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ತಾಸುಗಳಿರುವಂತೆ ತೋರುತ್ತದೆ. ಅವನು ಮತ್ತೆಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಊಟಕ್ಕೆ ಇನ್ನೆಷ್ಟು ಹೊತ್ತೆಂದು ಹೊರಗೆ ಬಂದು ಬಿಸಿಲನ್ನು ಅಳೆಯುತ್ತಾನೆ, ಸಹೋದರರಲ್ಲಿ ಪ್ರೀತಿಯೇ ಉಳಿದಿಲ್ಲವೆಂದು ನೊಂದುಕೊಳ್ಳುತ್ತಾನೆ. ಇವಾಗ್ರಿಯಸರಿಗಿಂತ ಹಿರಿಯರಾದ, ಈಜಿಪ್ಟಿನ ಮರುಭೂಮಿಯದೇ ಸನ್ಯಾಸಿ ಸಂತ ಅಂತೋಣಿಯವರಿಗೂ ಇದು ತಪ್ಪಲಿಲ್ಲ. ನಾನೇನು ಮಾಡಲಿ ಎಂದು ಅವರು ದೇವರಿಗೆ ಮೊರೆಯಿಟ್ಟಾಗ, ತಮ್ಮಂತೆಯೇ ಇದ್ದ ಒಬ್ಬನು ಕುಳಿತು ಹಗ್ಗ ಹೆಣೆಯುವುದನ್ನೂ, ಎದ್ದು ಪ್ರಾರ್ಥಿಸಿ ಮತ್ತೆ ಹೆಣೆಯಲು ಕೂರುವುದನ್ನೂ ಕಂಡರಂತೆ. ಅವನು ದೇವದೂತನಾಗಿದ್ದನು, ಹೀಗೆಯೇ ಮಾಡು, ಉಳಿಯುವೆ ಎಂದಷ್ಟೇ ಅವನು ಹೇಳಿದ್ದು.

ಮನಸ್ಸಿನ ಕಾಯಿಲೆಗೆ ವೈದ್ಯರ ನೆರವು ಬೇಕೇ ಬೇಕು, ಅದರಲ್ಲಿ ಸಂಕೋಚ ಸಲ್ಲದು. ಅದರ ಜೊತೆಗೇ ಈ ಹಗ್ಗದ ಕೆಲಸವೂ ನಡೆಯಬಹುದು. ನನ್ನ ತಾಯಿ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ನನ್ನ ಬಾಯಿಂದ ಪ್ರಾರ್ಥನೆಯ ಒಂದು ಮಾತೂ ಹೊರಡುತ್ತಿರಲಿಲ್ಲ. ಅವರ ಬಟ್ಟೆಗಳನ್ನು ಒಗೆದು, ಒಣಗಿದ್ದನ್ನು ಮಡಿಸುತ್ತ, ಪ್ರತಿ ಮಡಿಕೆಗೂ ಬೈಬಲಿನ ಕೀರ್ತನೆಯ ಒಂದೇ ಸಾಲನ್ನು ಹೇಳಿಕೊಳ್ಳುತ್ತಿದ್ದೆ. ಅಡವಿಯಲ್ಲಿ ಹಸಿದಿದ್ದ ಯೇಸುಸ್ವಾಮಿಯೂ ಸೈತಾನನು ಮೂರು ಸಲ ಶೋಧಿಸಿದಾಗ ಅವನೊಡನೆ ಉದ್ದುದ್ದ ವಾದಕ್ಕೆ ಇಳಿಯದೆ, ಮೂರು ಸಲವೂ ಧರ್ಮಗ್ರಂಥದಲ್ಲಿ ಬರೆದಿರುವ ವಾಕ್ಯವನ್ನೇ ಎತ್ತಿ ಹೇಳಿದರಲ್ಲವೇ?

ನಾನು ಹೇಳಿಕೊಳ್ಳುತ್ತಿದ್ದ ಸಾಲು, ಇವಾಗ್ರಿಯಸರು ಇಂಥ ಹೊತ್ತಿಗೆಂದೇ ಆರಿಸಿಕೊಟ್ಟಿದ್ದ ಸಾಲು ಎಂಬುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು: "ನನ್ನ ಮನವೇ, ನೀನು ಕುಗ್ಗಿಹೋಗಿರುವುದೇನು?" ಮನಸ್ಸನ್ನು ಎರಡು ಮಾಡಿಕೊಂಡು, ಒಂದು ಅಳುತ್ತಿರುವಾಗ ಇನ್ನೊಂದು ಅದನ್ನು ಸಂತೈಸಲಿ ಎಂದು ಅವರು ಹೇಳುತ್ತಾರೆ. 42 ಮತ್ತು 43ನೆಯ ಕೀರ್ತನೆಗಳನ್ನು ಒಟ್ಟಿಗೆ ಓದಿದರೆ ಈ ಪ್ರಶ್ನೆ ಮೂರು ಬಾರಿ ಬರುತ್ತದೆ. ಮೊದಲ ಸಲ ಕೇಳಿದಾಗ ಹಾಡುವವನ ದುಃಖ ತೀರಿರಲಿಲ್ಲ. ಎರಡನೆಯ ಸಲವೂ ತೀರಿರಲಿಲ್ಲ. ದೇವರನ್ನು ನಿರೀಕ್ಷಿಸು ಎಂದು ಅವನು ತನಗೆ ತಾನೇ ಮೂರನೆಯ ಸಲವೂ ಹೇಳಿಕೊಂಡನು.